ಸಿಂಗಾಪುರದಲ್ಲಿ 8,000 ಡಾಲರ್ ಸಂಬಳ ನಾಲ್ಕು ಜನರ ಸಂಸಾರಕ್ಕೆ ಸಾಕಾ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಹಳೆಯ ಎಕ್ಸೆಲ್ ಶೀಟ್ ನೆನಪಾಯಿತು. ನಿಮಗೆ 33 ವರ್ಷ, ತಿಂಗಳಿಗೆ 8,000 ಸಿಂಗಾಪುರ ಡಾಲರ್ ಆಫರ್, ಹೆಂಡತಿ ಟೀಚರ್, ಇಬ್ಬರು ಮಕ್ಕಳು. 'ಅಲ್ಲಿನ 2024ರ ಮೀಡಿಯನ್ ಸಂಬಳವೇ 5,500, ಅದೂ ವರ್ಷಾವರ್ಷ ಏರ್ತಾ ಇದೆ, ನಾವು ಆರಾಮಾಗಿ ಇರಬಹುದಲ್ವಾ?' ಅಂತ ಕೇಳಿದ್ದೀರಿ. ಮೀಡಿಯನ್ ಅಂದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವವನ ಸಂಬಳ. ಇದೇ ಲೆಕ್ಕವನ್ನು ನಾನು 2022ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ ಕೂತು ಹಾಕಿದ್ದೆ.

ನನಗಾಗ 35. ಆಫರ್ 7,200 ಡಾಲರ್. ಒಂದು ಸಿಂಗಾಪುರ ಡಾಲರಿಗೆ ಆಗ ಸುಮಾರು 56 ರೂಪಾಯಿ. ಗುಣಿಸಿದರೆ ತಿಂಗಳಿಗೆ ನಾಲ್ಕು ಲಕ್ಷ. ಅಲ್ಲಿಗೇ ಅರ್ಧ ತಲೆ ತಿರುಗಿತ್ತು. ಆದರೂ 'ರೂಪಾಯಿಗೆ ಗುಣಿಸಬಾರದು, ಅಲ್ಲಿಯವರ ಸಂಬಳಕ್ಕೆ ಹೋಲಿಸಬೇಕು' ಅನ್ನೋ ಬುದ್ಧಿವಂತಿಕೆ ನನಗಿತ್ತು. ಆ ಬುದ್ಧಿವಂತಿಕೆಯೇ ನನ್ನನ್ನು ಕೆಡಿಸಿದ್ದು.

ಅಲ್ಲಿನ ಸರ್ಕಾರದ ಎರಡು ಅಂಕಿ ಹುಡುಕಿದೆ. 2021ರ ಮೀಡಿಯನ್ ಸಂಬಳ 4,680 ಡಾಲರ್. ಮೀಡಿಯನ್ ಮನೆ ಆದಾಯ 9,520 ಡಾಲರ್. ಅಂದರೆ ನನ್ನ ಸಂಬಳ ನಡುವಿನವನ ಸಂಬಳದ ಒಂದೂವರೆ ಪಟ್ಟು. ಇನ್ನು ಮನೆ ಆದಾಯ. 9,520ರಲ್ಲಿ 7,200 ಕಳೆದರೆ 2,320. ಆ ಅಂಕಿಯನ್ನು ಹೆಂಡತಿಯ ಹೆಸರಿನ ಮುಂದೆ ಹಾಕಿ, ಸೆಲ್‌ಗೆ ಹಸಿರು ಬಣ್ಣ ಬಳಿದೆ. ಅವಳು ಇಲ್ಲಿ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟೆಂಟ್. 'ಅಲ್ಲಿ ಇಷ್ಟಾದರೂ ದುಡಿಯಲ್ವಾ ನೀನು?' ಅಂದೆ. ಅವಳು ಏನೂ ಹೇಳಲಿಲ್ಲ. ಜೂನ್‌ನಲ್ಲಿ ರಾಜೀನಾಮೆ ಕೊಟ್ಟಳು.

ಆ ಎರಡೂ ಅಂಕಿ ಸರಿಯಾಗಿಯೇ ಇದ್ದವು. ಆದರೆ ಅವುಗಳೊಳಗೆ ಯಾರಿದ್ದಾರೆ, ಏನೇನು ಸೇರಿದೆ ಅಂತ ನಾನು ನೋಡಲೇ ಇಲ್ಲ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನನ್ನ ಎರಡು ವರ್ಷ ಹೋಗಿದ್ದು ಇಲ್ಲೇ.

ಆ ಮೀಡಿಯನ್ ಅಲ್ಲಿನ ಪ್ರಜೆಗಳು ಮತ್ತು ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಇರುವವರದ್ದು ಮಾತ್ರ. 2024ರ ಲೆಕ್ಕದಲ್ಲಿ ಸಿಂಗಾಪುರದಲ್ಲಿ 60 ಲಕ್ಷ ಜನ, ಅವರಲ್ಲಿ 18 ಲಕ್ಷಕ್ಕೂ ಜಾಸ್ತಿ ಹೊರಗಿನವರು. ಇಪಿ, ಅಂದರೆ ಎಂಪ್ಲಾಯ್‌ಮೆಂಟ್ ಪಾಸ್ ಅನ್ನುವ ಕೆಲಸದ ವೀಸಾ, ಹಿಡಿದು ಹೋದ ನಾನು ಆ ಅಂಕಿಯಲ್ಲಿ ಇರಲಿಲ್ಲ. ಭಾನುವಾರ ಲಿಟಲ್ ಇಂಡಿಯಾದ ಹುಲ್ಲಿನ ಮೇಲೆ ಕೂತು ಊರಿಗೆ ವಿಡಿಯೋ ಕಾಲ್ ಮಾಡುವ ಕಟ್ಟಡ ಕೆಲಸದ ಹುಡುಗರೂ ಇರಲಿಲ್ಲ.

ಇನ್ನೊಂದು, ಅದರಲ್ಲಿ ಕಂಪನಿ ಕಟ್ಟುವ ಸಿಪಿಎಫ್ ಹಣವೂ ಸೇರಿದೆ. ಸಿಪಿಎಫ್ ಅಂದರೆ ನಮ್ಮ ಪಿಎಫ್ ಇದ್ದಂತೆ, ಆದರೆ ಭಾರಿ ದೊಡ್ಡದು. 55 ವರ್ಷದ ಒಳಗಿನವರಿಗೆ ಸಂಬಳದಿಂದ 20 ಪರ್ಸೆಂಟ್ ಹಿಡಿಯುತ್ತಾರೆ, ಕಂಪನಿ ಮೇಲಿಂದ 17 ಪರ್ಸೆಂಟ್ ಹಾಕುತ್ತದೆ. ವಿದೇಶಿಯರಿಗೆ ಇದಿಲ್ಲ. ಹೋದ ಹೊಸದರಲ್ಲಿ 'ಕಟಿಂಗ್ ಏನೂ ಇಲ್ಲ, ಪೂರ್ತಿ ಕೈಗೆ ಬರುತ್ತೆ' ಅಂತ ಅಮ್ಮನಿಗೆ ಹೆಮ್ಮೆಯಿಂದ ಹೇಳಿದ್ದೆ.

ಆ ಹೆಮ್ಮೆ ಇಳಿದದ್ದು ಆಫೀಸಿನ ಕೆಳಗಿನ ಕೋಪಿ (ಕಾಫಿಗೆ ಅಲ್ಲಿಯವರ ಹೆಸರು) ಅಂಗಡಿಯಲ್ಲಿ. ನನ್ನ ಟೀಮಿನ ಸ್ಥಳೀಯ ಸಹೋದ್ಯೋಗಿ, ವಯಸ್ಸು 38, ಒಂದು ದಿನ ಮೊಬೈಲ್‌ನಲ್ಲಿ ತನ್ನ ಪೇ ಸ್ಲಿಪ್ ತೋರಿಸಿದ. ಸಂಬಳ 6,000. ಸಿಪಿಎಫ್ 1,200 ಹೋಗಿ ಕೈಗೆ 4,800. ನನಗಿಂತ 2,400 ಕಡಿಮೆ! ಪಾಪ ಅನ್ನಿಸಿತು. ಆಮೇಲೆ ಕೇಳಿದೆ, ಮನೆ ಸಾಲ ಹೇಗೆ ಕಟ್ತೀಯ ಅಂತ. 'ಸಿಪಿಎಫ್‌ನಿಂದ' ಅಂದ. ಕಂಪನಿಯ 1,020 ಸೇರಿ ತಿಂಗಳಿಗೆ 2,220 ಡಾಲರ್ ಅವನ ಸಿಪಿಎಫ್‌ಗೆ ಬೀಳುತ್ತದೆ. ಅದರಲ್ಲಿ 1,260 ಮನೆ ಸಾಲಕ್ಕೆ ಬಳಸಬಹುದಾದ ಖಾತೆಗೆ. ಅವನ ಹೆಂಡತಿಯೂ ಕೆಲಸದಲ್ಲಿದ್ದಾಳೆ, ಅವಳ ಖಾತೆಯಿಂದ ಇನ್ನಷ್ಟು. ಎಚ್‌ಡಿಬಿ, ಅಂದರೆ ಸರ್ಕಾರಿ ವಸತಿ ಮಂಡಳಿಯ, ಫ್ಲಾಟಿನ ಕಂತಿಗೆ ಅವರು ಕೈಯಿಂದ ಒಂದು ಡಾಲರ್ ಕೊಡುವುದಿಲ್ಲ. ಅವನ ಕೈಗೆ ಬರುವ 4,800 ಮನೆ ಸಾಲದ ಕಂತು ಕಳೆದ ಮೇಲಿನ 4,800.

ನನ್ನದು? 7,200ರಲ್ಲಿ ಸೆಂಗ್‌ಕಾಂಗ್‌ನ ಮೂರು ಬೆಡ್‌ರೂಮಿನ ಎಚ್‌ಡಿಬಿ ಬಾಡಿಗೆ 2,900. ಉಳಿದದ್ದು 4,300. ಸರ್ಕಾರದ ಅಂಕಿಯಲ್ಲಿ ಅವನು 7,020, ನಾನಿದ್ದಿದ್ದರೆ 7,200. ಕಾಗದದ ಮೇಲೆ ನಾನೇ ಮೇಲೆ. ಅವನ ಹಣ ಸ್ವಂತ ಗೋಡೆಯಾಗುತ್ತಿತ್ತು, ನನ್ನದು ಇನ್ನೊಬ್ಬರ ಗೋಡೆಗೆ ಹೋಗುತ್ತಿತ್ತು. ಅವತ್ತು ಅವನೇ ಕೋಪಿ ಕೊಡಿಸಿದ. ಬೇಡ ಅನ್ನಲಿಲ್ಲ ನಾನು.

ಇನ್ನು ಆ ಹಸಿರು ಸೆಲ್. 2014ರಲ್ಲಿ ಹೋದ ಗೆಳೆಯನೊಬ್ಬ 'ಹೆಂಡತಿಗೆ ಡಿಪೆಂಡೆಂಟ್ ಪಾಸ್ (ಇಪಿ ಇರುವವರ ಸಂಸಾರಕ್ಕೆ ಕೊಡುವ ಪಾಸ್) ಇದ್ದರೆ ಸಾಕು, ಒಂದು ಅನುಮತಿ ಪತ್ರ ತಗೊಂಡು ಕೆಲಸಕ್ಕೆ ಸೇರಬಹುದು' ಅಂದಿದ್ದ. ಅವನ ಕಾಲಕ್ಕೆ ಅದು ನಿಜ. 2021ರ ಮೇ 1ರಿಂದ ಅದು ಬದಲಾಗಿದೆ. ಈಗ ಹೆಂಡತಿಗೂ ಅವಳದೇ ವರ್ಕ್ ಪಾಸ್ ಬೇಕು, ಅದಕ್ಕೆ ಅವಳದೇ ಅರ್ಹತೆಯ ಸಂಬಳ ಬೇಕು. ಅಕೌಂಟ್ಸ್ ಕೆಲಸಕ್ಕೆ ಅಷ್ಟು ಕೊಟ್ಟು ಹೊರಗಿನವಳನ್ನು ಯಾರು ತಗೋತಾರೆ? ಮೂರು ಇಂಟರ್‌ವ್ಯೂ ಆಯಿತು. ಮೂರರಲ್ಲೂ ಮೊದಲ ಪ್ರಶ್ನೆಯೇ 'ಪಾಸ್ ಯಾವುದು?' ನಾಲ್ಕನೆಯದಕ್ಕೆ ಅವಳು ಅರ್ಜಿಯನ್ನೇ ಹಾಕಲಿಲ್ಲ. ಚಿಕ್ಕ ಮಗನನ್ನು ಸ್ಟ್ರಾಲರ್‌ನಲ್ಲಿ ಕೂರಿಸಿಕೊಂಡು ದಿನಾ ಸಂಜೆ ಕಾಲುವೆ ಪಕ್ಕದ ದಾರಿಯಲ್ಲಿ ನಡೆದು ಬರುತ್ತಿದ್ದಳು, ಅಷ್ಟೇ.

ಹಾಗಾಗಿ 'ಮನೆ ಆದಾಯ' ನೋಡಿ ಸಂಸಾರ ಹೂಡುವುದು ನಮ್ಮಂಥವರಿಗೆ ಶುದ್ಧ ಮೋಸ. ಆ ಅಂಕಿ ಎಲ್ಲರ ದುಡಿಮೆ ಸೇರಿಸಿದ್ದು. ಗಂಡ, ಹೆಂಡತಿ, ಕೆಲವು ಮನೆಗಳಲ್ಲಿ ಕೆಲಸಕ್ಕೆ ಹೋಗುವ ಮಗ. ನೋಡಲೇಬೇಕು ಅಂದರೆ ತಲಾ ಆದಾಯ ನೋಡಿ, ಅದನ್ನೂ ಪ್ರಕಟಿಸುತ್ತಾರೆ. 2022ರಲ್ಲಿ ಮೀಡಿಯನ್ ಮನೆಯಲ್ಲಿ ತಲೆಗೆ 3,287 ಡಾಲರ್. ನಮ್ಮದು 7,200 ಭಾಗಿಸು 4, ಅಂದರೆ 1,800. ಒಂದೂವರೆ ಪಟ್ಟು ಅಂತ ಬೀಗಿದ್ದವನು ಅರ್ಧಕ್ಕಿಂತ ಸ್ವಲ್ಪ ಮೇಲಿದ್ದೆ.

ನಿಮ್ಮದನ್ನು ಹಾಕೋಣ. 8,000 ಭಾಗಿಸು 4, ಅಂದರೆ 2,000. 2024ರ ತಲಾ ಮೀಡಿಯನ್ 3,615, ಮನೆಯ ಮೀಡಿಯನ್ 11,297. 5,500ನ್ನು ಹಿಡಿದುಕೊಂಡು ಕೂರಬೇಡಿ.

'ಸಂಬಳ ಏರ್ತಾ ಇದೆ' ಅನ್ನೋ ಮಾತಿಗೂ ನನ್ನ ತಕರಾರಿದೆ. ಏರುತ್ತದೆ, ನಿಜ. 2014ರಲ್ಲಿ 3,770 ಇದ್ದ ಮೀಡಿಯನ್ ಹತ್ತು ವರ್ಷದಲ್ಲಿ 5,500 ಆಯಿತು. ಆದರೆ ನಾನಿದ್ದ ಕಾಲ ನೋಡಿ. 2022ರಲ್ಲಿ ಹಣದುಬ್ಬರ 6.1 ಪರ್ಸೆಂಟ್, 2023ರಲ್ಲಿ 4.8. 2023ರಲ್ಲಿ ಮೀಡಿಯನ್ ಸಂಬಳ ಏರಿದ್ದು ಬರೀ 2.5 ಪರ್ಸೆಂಟ್. ಅಂದರೆ ಅಲ್ಲಿಯವರಿಗೇ ನಿಜವಾದ ಸಂಬಳ ಇಳಿದ ವರ್ಷ ಅದು. ಜಿಎಸ್‌ಟಿ 7ರಿಂದ 8, ಮರುವರ್ಷ 9. ಖಾಸಗಿ ಮನೆಗಳ ಬಾಡಿಗೆ 2022 ಒಂದೇ ವರ್ಷದಲ್ಲಿ 30 ಪರ್ಸೆಂಟ್ ಹತ್ತಿರ ಏರಿತು, ಎಚ್‌ಡಿಬಿ ಬಾಡಿಗೆಯೂ ಅದರ ಹಿಂದೆಯೇ ಓಡಿತು. ನನಗೆ ಸಿಕ್ಕ ಹೈಕ್ ವರ್ಷಕ್ಕೆ 3 ಪರ್ಸೆಂಟ್. ಆದಾಯ ತೆರಿಗೆ ಕಡಿಮೆ, ಅದನ್ನು ಒಪ್ಪಿಕೊಳ್ಳುತ್ತೇನೆ. ವರ್ಷಕ್ಕೆ ಮೂರು ಸಾವಿರ ಡಾಲರ್ ಆಸುಪಾಸು. ಮಗಳ ಸ್ಕೂಲಿಗೆ ಮಾತ್ರ ತಿಂಗಳಿಗೆ 1,100 ಹೋಗುತ್ತಿತ್ತು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ವಿದೇಶಿ ಮಕ್ಕಳ ಸರದಿ ಎಲ್ಲರದ್ದೂ ಮುಗಿದ ಮೇಲೆ.

ಇದಕ್ಕಿಂತ ದೊಡ್ಡ ಏಟು ಬೇರೆ ಇದೆ. ಇಪಿ ಕೊಡಲು ಕನಿಷ್ಠ ಸಂಬಳದ ಗೆರೆ ಇದೆಯಲ್ಲ, ಅದನ್ನು ಎಳೆಯುವುದು ಅಲ್ಲಿನ ಮ್ಯಾನೇಜರ್, ಎಂಜಿನಿಯರ್ ಥರದ ಸ್ಥಳೀಯ ಉದ್ಯೋಗಿಗಳಲ್ಲಿ ಮೇಲಿನ ಮೂರನೇ ಒಂದು ಭಾಗದವರ ಸಂಬಳ ನೋಡಿ. ಅವರ ಸಂಬಳ ಏರಿದರೆ ಗೆರೆಯೂ ಮೇಲೆ ಹೋಗುತ್ತದೆ. ವಯಸ್ಸಾದಂತೆ ಇನ್ನೂ ಮೇಲೆ. ನೀವು ಖುಷಿಯಿಂದ ಬರೆದಿರುವ ಆ ಏರಿಕೆಯೇ ನಿಮ್ಮ ಪಾಸಿಗೆ ಕುತ್ತು.

2024ರ ಮೇ ತಿಂಗಳು. ನನಗೆ 37. ಸಂಬಳ ಏರಿ ಏರಿ 7,640. ಪಾಸ್ ಜುಲೈಗೆ ಮುಗಿಯುತ್ತದೆ. ಎಚ್‌ಆರ್ ಹುಡುಗಿ ಕೋಷ್ಟಕ ತೆರೆದು ನನ್ನ ವಯಸ್ಸಿನ ಸಾಲಿಗೆ ಬೆರಳಿಟ್ಟಳು: 8,500. 860 ಡಾಲರ್ ಕಮ್ಮಿ. ಕಂಪನಿ ಅಷ್ಟು ಏರಿಸಲು ಒಪ್ಪಲಿಲ್ಲ. ಅದೇ ವಾರ ಮನೆ ಮಾಲೀಕರ ಮೆಸೇಜ್, ಹೊಸ ಅಗ್ರಿಮೆಂಟ್‌ಗೆ ಬಾಡಿಗೆ 3,500. ಉತ್ತರ ಬರೆಯುವ ಕೆಲಸವೇ ಬೀಳಲಿಲ್ಲ. ಆಗಸ್ಟ್‌ಗೆ ಬೆಂಗಳೂರು. ಹೆಂಡತಿಯ ಹಳೇ ಜಾಗದಲ್ಲಿ ಬೇರೆಯವರು ಕೂತಿದ್ದರು. ಈಗ ಇನ್ನೊಂದು ಕಡೆ, ಬಿಟ್ಟಾಗ ಇದ್ದದ್ದಕ್ಕಿಂತ ಕಡಿಮೆ ಸಂಬಳಕ್ಕೆ ಹೋಗುತ್ತಿದ್ದಾಳೆ.

ನನ್ನ ಸಲಹೆ ಕೇಳಿದರೆ, ಸಾಕಾ ಸಾಲದಾ ಅನ್ನುವ ಪ್ರಶ್ನೆಯನ್ನೇ ಪಕ್ಕಕ್ಕಿಡಿ. 2025ರ ಜನವರಿಯ ಕೋಷ್ಟಕದಲ್ಲಿ 33 ವರ್ಷದವರಿಗೆ, ಹಣಕಾಸು ಕ್ಷೇತ್ರ ಬಿಟ್ಟರೆ, ಬೇಕಾದದ್ದು ಸುಮಾರು 7,900. ನೀವು ನೂರು ಡಾಲರ್ ಅಂತರದಲ್ಲಿ ನಿಂತಿದ್ದೀರಿ. ಮೊದಲ ಪಾಸ್ ಎರಡು ವರ್ಷಕ್ಕೆ. 35ಕ್ಕೆ ಅದೇ ಕೋಷ್ಟಕ 8,400 ಹತ್ತಿರ ಕೇಳುತ್ತದೆ, ಅಷ್ಟರಲ್ಲಿ ಕೋಷ್ಟಕವೇ ಏರಿದ್ದರೆ ಇನ್ನೂ ಜಾಸ್ತಿ. ಇದರ ಮೇಲೆ ಈಗ ಕಂಪಾಸ್ ಅನ್ನೋ ಪಾಯಿಂಟ್ ಪದ್ಧತಿ ಬೇರೆ ಬಂದಿದೆ. ಕಂಪನಿಯಲ್ಲಿ ನಮ್ಮ ದೇಶದವರೇ ತುಂಬಿದ್ದರೆ ಪಾಯಿಂಟ್ ಕಡಿಮೆ. 11,000 ಕೇಳಿ. ಕೊಡಲ್ಲ ಅಂದರೆ ಒಬ್ಬರೇ ಹೋಗಿ, ರೂಮ್ ಬಾಡಿಗೆಗೆ ಹಿಡಿದು ಎರಡು ವರ್ಷ ಹಣ ಕೂಡಿಸಿ ಬನ್ನಿ. ಅದೂ ಬೇಡ ಅನ್ನಿಸಿದರೆ ಬಿಟ್ಟುಬಿಡಿ. ನಿಮ್ಮ ಟೀಚರಮ್ಮನ ಕೈಯಲ್ಲಿ ಮಾತ್ರ ಈಗಲೇ ರಾಜೀನಾಮೆ ಬರೆಸಬೇಡಿ. ಮೊದಲು ಅವರಿಗೆ ಪಾಸ್ ಸಿಗಲಿ. 'ಆಮೇಲೆ ನೋಡ್ಕೊಳ್ಳೋಣ' ಅಂತ ನಾನೂ ಅಂದಿದ್ದೆ.

ಇವತ್ತೇ ಆಫರ್ ಲೆಟರ್ ತೆಗೆದು ಆ 8,000ದ ಪಕ್ಕ ಏನು ಬರೆದಿದ್ದಾರೆ ನೋಡಿ. ಪಾಸಿಗೆ ಲೆಕ್ಕಕ್ಕೆ ಬರುವುದು ಪ್ರತಿ ತಿಂಗಳು ಕೊಡುವ ನಿಗದಿತ ಸಂಬಳ ಮಾತ್ರ. ಬೋನಸ್ ಸೇರಿಸಿ 8,000 ಮಾಡಿದ್ದರೆ, ನಿಮಗೆ ಮೊದಲ ಪಾಸೇ ಸಿಗುವುದಿಲ್ಲ.