ಹಕ್ಕಿ ತಿನ್ನುವ ಹಣ್ಣನ್ನು ನಾವೂ ತಿನ್ನಬಹುದೇ?

ಬೇಲಿಯಲ್ಲಿ ಮುಳ್ಳಿನ ಗಿಡ, ಹಳದಿ ಹಣ್ಣಿನ ಸರ, ಪಿಕಳಾರಗಳು ತಿನ್ನುತ್ತಿವೆ, ನಾವೂ ತಿನ್ನಬಹುದೇ, ಇದನ್ನೇ ಮನೆಯ ಸುತ್ತ ಬೆಳೆಸಬಹುದೇ ಎಂದು ಕೇಳಿದ್ದೀರಿ. ಮನೆಯಲ್ಲಿ ಮಕ್ಕಳಿದ್ದರೆ ಮೊದಲು ಅವರನ್ನು ಆ ಗಿಡದಿಂದ ದೂರ ಇಡಿ. ಉಳಿದದ್ದನ್ನು ಆಮೇಲೆ ಓದಿ.

ಹನ್ನೆರಡು ವರ್ಷದ ಹಿಂದೆ ಮೈಸೂರಿನ ಬೋಗಾದಿಯ ಆಚೆ ಮನೆ ಕಟ್ಟಿದೆ. ತಾರಸಿ ಹಾಕುವಷ್ಟರಲ್ಲಿ ಹಣ ಮುಗಿದು, ಕಾಂಪೌಂಡಿನ ಬದಲು ಬೇಲಿ ಎಂದಾಯಿತು. ನನ್ನ ತಲೆಯಲ್ಲಿದ್ದದ್ದು ಪಾಂಡವಪುರದ ಕಡೆ ಅಜ್ಜಿಯ ಹೊಲದ ಕವಳೆ ಬೇಲಿ. ಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ಬೆಳೆದವರು ನಾವು. ನರ್ಸರಿಯಲ್ಲಿ ‘ಮುಳ್ಳಿರುವ, ಹಣ್ಣು ಬಿಡುವ ಬೇಲಿ ಗಿಡ’ ಎಂದು ಕೇಳಿದೆ, ಕೊಟ್ಟದ್ದನ್ನು ತಂದೆ. ಹೆಸರು ಕೇಳಲಿಲ್ಲ. ಎರಡನೇ ವರ್ಷ ನೇರಳೆ ಬಣ್ಣದ ಹೂ ಜೋತುಬಿದ್ದವು, ಬೆನ್ನಿಗೇ ಚಿನ್ನದ ಗುಂಡಿನಂಥ ಹಣ್ಣು. ಕವಳೆ ಅಲ್ಲವೆಂದು ಆಗಲೇ ಗೊತ್ತಾಯಿತು. ಆದರೂ ಪಿಕಳಾರಗಳು ಮುತ್ತಿಕೊಂಡದ್ದನ್ನು ನೋಡಿ, ಆರು ವರ್ಷದ ಅಕ್ಕನ ಮಗನಿಗೆ ‘ಹಕ್ಕಿ ತಿಂದರೆ ನಾವೂ ತಿನ್ನಬಹುದು’ ಎಂದುಬಿಟ್ಟೆ.

ಸಂಜೆಗೆ ವಾಂತಿ, ಮಂಪರು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ್ದು ಒಂದೇ: ‘ಯಾವ ಗಿಡ?’ ನನ್ನ ಬಳಿ ಹೆಸರಿರಲಿಲ್ಲ. ಟಾರ್ಚ್ ಹಿಡಿದು ಮನೆಗೆ ಮರಳಿ ಕೊಂಬೆ ಮುರಿದು ತಂದೆ. ಅದು ದುರಂತ ಎಂಬ ಗಿಡ, ಸಸ್ಯಶಾಸ್ತ್ರದಲ್ಲಿ ದುರಾಂಟ ಇರೆಕ್ಟ. ಕನ್ನಡದ ಕಿವಿಗೆ ಹೆಸರೇ ಎಚ್ಚರಿಕೆಯಂತಿದೆ, ಕೇಳಿದ್ದರೆ ತಾನೇ! ಹುಡುಗ ಬೆಳಿಗ್ಗೆ ಎದ್ದು ಇಡ್ಲಿ ಬೇಕೆಂದ. ನನಗೆ ಮಾತ್ರ ಗಂಟಲಲ್ಲಿ ನೀರೂ ಇಳಿಯಲಿಲ್ಲ.

ಆ ಒಂದು ಮಾತು ಎಷ್ಟು ತಪ್ಪೆಂದು ಬಿಡಿಸಿ ಹೇಳಲೇಬೇಕು. ಪಿಕಳಾರದಂಥ ಹಕ್ಕಿ ಹಣ್ಣನ್ನು ಅಗಿಯುವುದಿಲ್ಲ, ನುಂಗುತ್ತದೆ. ಬೀಜವನ್ನು ಹಿಕ್ಕೆಯಲ್ಲಿ ಬೇರೆಡೆ ಹಾಕುತ್ತದೆ. ಗಿಡಕ್ಕೆ ಬೇಕಾದದ್ದೂ ಅದೇ. ಹಕ್ಕಿಯ ದೇಹಕ್ಕೆ ಒಗ್ಗಿದ್ದು ನಮಗೆ ಒಗ್ಗಬೇಕೆಂದಿಲ್ಲ. ಮನುಷ್ಯನ ಹೃದಯವನ್ನೇ ನಿಲ್ಲಿಸಬಲ್ಲ ಹಳದಿ ಕಣಗಿಲೆಯ ಹಣ್ಣನ್ನು ಕೋಗಿಲೆ ತಿಂದು ಹಾರಿಹೋಗುತ್ತದೆ. ‘ಹಾಲು ಬರುವ ಗಿಡ ವಿಷ’ ಎಂಬ ಹಿರಿಯರ ಲೆಕ್ಕವೂ ಇಲ್ಲಿ ಕೈಕೊಡುತ್ತದೆ: ಎಲೆ ಮುರಿದರೆ ಹಾಲು ಸುರಿಸುವ ಕವಳೆಯ ಹಣ್ಣನ್ನು ತಿನ್ನುತ್ತೇವೆ, ಹಾಲಿಲ್ಲದ ದುರಂತ ಆಸ್ಪತ್ರೆ ತೋರಿಸುತ್ತದೆ. ಬೇಲಿಗೆ ಲಂಟಾನ ಪೊದೆ ಸಾಕುವ ಯೋಚನೆಯನ್ನೂ ಬಿಡಿ. ಅದರ ಎಲೆ ದನಕ್ಕೆ ವಿಷ, ಬಂಡೀಪುರದ ಕಾಡನ್ನು ಅದು ಆವರಿಸಿಕೊಂಡಿರುವುದೇ ಸಾಕು.

ಕವಳೆಯನ್ನು ಹೀಗೆ ಗುರುತಿಸಿ: ಜೋಡಿ ಜೋಡಿಯಾಗಿ ಗಟ್ಟಿ ಮುಳ್ಳು, ಕೆಲವು ತುದಿಯಲ್ಲಿ ಕವಲೊಡೆದವು, ಎದುರುಬದುರು ದಪ್ಪ ಎಲೆ, ಮಲ್ಲಿಗೆಯಂಥ ಐದು ಎಸಳಿನ ಬಿಳಿ ಹೂ, ಹಸಿರು ಅಥವಾ ನಸುಗೆಂಪು ಕಾಯಿ ಹಣ್ಣಾದರೆ ಕಪ್ಪು. ಈ ಎಲ್ಲವೂ ಕೂಡಿ ಬರಬೇಕು, ಒಂದನ್ನು ನೋಡಿ ನಂಬಬೇಡಿ. ಗುಮಾನಿ ಇದ್ದರೆ ಬಲ್ಲವರಿಗೆ ಹೂವಿರುವ ಕೊಂಬೆ ತೋರಿಸಿ.

ದುರಂತವನ್ನು ಬೇರುಸಹಿತ ಕಿತ್ತು ಅಲ್ಲಿ ಕವಳೆ ಹಾಕಿದೆ. ಚೆನ್ನಾಗಿ ಕಳಿತ ಹಣ್ಣಿನ ಬೀಜ ತೊಳೆದು, ನೆರಳಲ್ಲಿ ಆರಿಸಿ, ಬೇಗನೆ ಬಿತ್ತಬೇಕು, ಇಟ್ಟುಕೊಂಡರೆ ಮೊಳೆಯುವುದಿಲ್ಲ. ಮುಂಗಾರಿನಲ್ಲಿ ಎರಡಡಿಗೊಂದು ಸಸಿ. ಒಂದಡಿ ಎತ್ತರವಾದಾಗ ತುದಿ ಚಿವುಟಿ, ಇಲ್ಲವಾದರೆ ಬುಡ ಬೋಳಾಗಿ ಬೀದಿನಾಯಿ ನುಗ್ಗುತ್ತದೆ. ಮೊದಲ ಬೇಸಿಗೆ ನೀರು ಕೊಡಿ, ಆಮೇಲೆ ಬದುಕಿಕೊಳ್ಳುತ್ತದೆ. ಕತ್ತರಿ ಹಾಕುವುದು ಹಣ್ಣು ಮುಗಿದ ಮೇಲೆ ಮಾತ್ರ; ಹೂ ಬರುವುದು ಚಿಗುರಿನ ತುದಿಯಲ್ಲಿ.

ಕಳ್ಳರನ್ನು ತಡೆಯಬೇಕೆಂದೂ ಬರೆದಿದ್ದೀರಿ. ಅದಕ್ಕೆ ಬಾಗಿಲಿಗೆ ಒಳ್ಳೆಯ ಬೀಗ ಹಾಕಿ. ಮನಸ್ಸು ಮಾಡಿದ ಕಳ್ಳ ಗೋಣಿಚೀಲ ಹೊದಿಸಿ ಯಾವ ಬೇಲಿಯನ್ನಾದರೂ ಹಾರುತ್ತಾನೆ. ನಿಮ್ಮದು 30×40 ನಿವೇಶನವಾದರೆ ಮುಳ್ಳು ಬೇಲಿಯೇ ಬೇಡ ಎನ್ನುತ್ತೇನೆ. ಗಡಿಯಿಂದ ಮೂರಡಿ ಒಳಗೆ ನೆಡಲು ಜಾಗವಿಲ್ಲದಿದ್ದರೆ ಮುಳ್ಳು ಪಕ್ಕದ ಮನೆಯವರ ಬಟ್ಟೆ ಹರಿಯುತ್ತದೆ, ಜಗಳ ನಿಮಗೆ ಬರುತ್ತದೆ.

ನಮ್ಮ ಬೇಲಿಯ ಕವಳೆ ಈಗ ಪ್ರತಿ ವರ್ಷ ಉಪ್ಪಿನಕಾಯಿ ಜಾಡಿ ತುಂಬುತ್ತದೆ. ಅಕ್ಕನ ಮಗ ಪಿಯುಸಿಗೆ ಬಂದಿದ್ದಾನೆ. ಹಣ್ಣು ಕಿತ್ತು ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಂಡು, ‘ಮೊದಲು ನೀವು ತಿನ್ನಿ ಮಾವ’ ಎನ್ನುತ್ತಾನೆ.