ಎಐ ಟೂಲ್ ಕೈಗೆ ಗಿಟ್ ಎಷ್ಟು ಕೊಡಬಹುದು?

ಟರ್ಮಿನಲ್‌ನಲ್ಲಿ ಓಡುವ ಎಐ ಟೂಲ್ ಹಾಕಿಕೊಂಡಿದ್ದೀರಿ. ಕೋಡ್ ಬರೆಯುವುದರ ಜೊತೆಗೆ ಗಿಟ್ (ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ವ್ಯವಸ್ಥೆ) ಕಮಾಂಡ್‌ಗಳನ್ನೂ ಓಡಿಸಲಾ ಅಂತ ಅದು ಪದೇ ಪದೇ ಕೇಳುತ್ತಿದೆ. ಎಲ್ಲದಕ್ಕೂ ಒಪ್ಪಿಗೆ ಕೊಡಬಹುದಾ, ಇಲ್ಲ ಗಿಟ್ ಅನ್ನು ಪೂರ್ತಿ ನಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕಾ, ಇದು ನಿಮ್ಮ ಪ್ರಶ್ನೆ.

ಎರಡೂ ಬೇಡ. ನಾನು ಒಂದೇ ಒಂದು ಲೆಕ್ಕ ಹಾಕುತ್ತೇನೆ: ಈ ಕಮಾಂಡ್ ಎಡವಟ್ಟಾದರೆ ವಾಪಸ್ ಬರಲು ದಾರಿ ಇದೆಯಾ? ಇದ್ದರೆ ಟೂಲ್ ಮಾಡಿಕೊಳ್ಳಲಿ. ಇಲ್ಲದಿದ್ದರೆ ಪ್ರತಿ ಸಲ ನನ್ನನ್ನು ಕೇಳಲಿ.

ಈ ಲೆಕ್ಕಕ್ಕೆ ಆಧಾರ ರೀಫ್ಲಾಗ್, ಅಂದರೆ ನೀವು ಯಾವ ಯಾವ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಉಳಿಸಿದ ಹಂತದಲ್ಲಿ) ಇದ್ದಿರಿ ಅಂತ ಗಿಟ್ ಬರೆದಿಡುವ ದಿನಚರಿ. ಕಮಿಟ್ ಆದದ್ದು ಗಿಟ್‌ನಲ್ಲಿ ಸುಲಭಕ್ಕೆ ಕಳೆದುಹೋಗುವುದಿಲ್ಲ. ಬ್ರ್ಯಾಂಚ್ (ಕೆಲಸದ ಕವಲು) ಅಳಿಸಿದರೂ, ರೀಬೇಸ್ (ಕಮಿಟ್‌ಗಳನ್ನು ಬೇರೆ ಬುಡಕ್ಕೆ ಸರಿಸುವುದು) ಕೆಟ್ಟರೂ, ಹಾರ್ಡ್ ರೀಸೆಟ್ (ಎಲ್ಲ ಬಿಟ್ಟು ಬೇರೊಂದು ಕಮಿಟ್‌ಗೆ ಹಿಂದಿರುಗುವುದು) ಹೊಡೆದರೂ ಹಳೆಯ ಕಮಿಟ್ ನಿಮ್ಮ ಮಷೀನ್‌ನಲ್ಲೇ ಇರುತ್ತದೆ. ನೀವು ಸೆಟ್ಟಿಂಗ್ ಬದಲಿಸದಿದ್ದರೆ, ಯಾವ ಬ್ರ್ಯಾಂಚ್‌ಗೂ ಸೇರದ ಕಮಿಟ್‌ನ ದಾಖಲೆ ರೀಫ್ಲಾಗ್‌ನಲ್ಲಿ 30 ದಿನ ಇರುತ್ತದೆ, ಉಳಿದವು 90 ದಿನ. ಅಷ್ಟರೊಳಗೆ ಹುಡುಕಿ ತೆಗೆಯಬಹುದು.

ಕಮಿಟ್ ಆಗದ ಬದಲಾವಣೆಯ ಕಥೆ ಬೇರೆ. ಗಿಟ್ ರಿಸ್ಟೋರ್ (ಫೈಲ್ ಅನ್ನು ಹಳೆಯ ಸ್ಥಿತಿಗೆ ತರುವ ಕಮಾಂಡ್) ಅಥವಾ ಹಾರ್ಡ್ ರೀಸೆಟ್ ಓಡಿಸಿದರೆ ಫೈಲ್‌ನಲ್ಲಿ ಬರೆದದ್ದು ಹೋಯಿತು, ರೀಫ್ಲಾಗ್‌ಗೆ ಅದರ ಸುಳಿವೇ ಇರುವುದಿಲ್ಲ. ಗಿಟ್ ಆಡ್ ಮಾಡಿದ್ದರೆ (ಮುಂದಿನ ಕಮಿಟ್‌ಗೆ ಅಂತ ಆರಿಸಿಟ್ಟಿದ್ದರೆ) ಮಾತ್ರ ಎಫ್‌ಎಸ್‌ಸಿಕೆ (ಗಿಟ್‌ನ ಸಂಗ್ರಹ ಪರೀಕ್ಷಿಸುವ ಕಮಾಂಡ್) ಓಡಿಸಿ ಕೆದಕಿ ತೆಗೆಯಬಹುದು, ಅದೂ ಫೈಲ್‌ನ ಹೆಸರಿಲ್ಲದೆ ಸಿಗುತ್ತದೆ. ಗಿಟ್‌ನ ಲೆಕ್ಕಕ್ಕೆ ಸೇರದ ಫೈಲ್‌ಗಳನ್ನು ಅಳಿಸುವ ಗಿಟ್ ಕ್ಲೀನ್ ಇನ್ನೂ ಜೋರು. ಅದಕ್ಕೆ ಎಕ್ಸ್ ಅನ್ನೋ ಆಯ್ಕೆ ಸೇರಿಸಿದರೆ ಗಿಟ್‌ಇಗ್ನೋರ್‌ನಲ್ಲಿರುವ (ಗಿಟ್ ಗಮನಿಸಬಾರದು ಅಂತ ಪಟ್ಟಿ ಮಾಡಿದ) ಫೈಲ್‌ಗಳನ್ನೂ ಗುಡಿಸಿ ಹಾಕುತ್ತದೆ. ಪಾಸ್‌ವರ್ಡ್, ಕೀ ಇಡುವ ನಿಮ್ಮ ಡಾಟ್ ಎನ್ವ್ ಫೈಲ್ ಇರುವುದು ಅಲ್ಲೇ ಅಲ್ವಾ? ಅದರ ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ.

ಹಾಗಾಗಿ ಟೂಲ್‌ಗೆ ಕೆಲಸ ಹೇಳುವ ಮೊದಲು ನಾನು ಕಮಿಟ್ ಮಾಡುತ್ತೇನೆ. ಅರ್ಧಂಬರ್ಧ ಆಗಿದ್ದರೂ ಸರಿ, "ಡಬ್ಲ್ಯುಐಪಿ" (ವರ್ಕ್ ಇನ್ ಪ್ರೋಗ್ರೆಸ್) ಅಂತ ಬರೆದು ಕಮಿಟ್. ಆಮೇಲೆ ಸ್ಕ್ವಾಶ್ ಮಾಡಿದರಾಯಿತು, ಅಂದರೆ ಹಲವು ಕಮಿಟ್‌ಗಳನ್ನು ಒಂದಾಗಿಸಿದರಾಯಿತು. ಬದಲಾವಣೆಗಳನ್ನು ಕಮಿಟ್ ಮಾಡದೆ ಪಕ್ಕಕ್ಕೆ ಎತ್ತಿಡುವ ಸ್ಟ್ಯಾಶ್ ಸಾಲದಾ ಅಂತ ಕೇಳಬಹುದು. ಸುಮ್ನೆ ಸ್ಟ್ಯಾಶ್ ಅಂದರೆ ಹೊಸ ಫೈಲ್‌ಗಳು ಅದರೊಳಗೆ ಸೇರುವುದಿಲ್ಲ, ಯು ಆಯ್ಕೆ ಬೇಕು. ಜೊತೆಗೆ ಯಾವ ಸ್ಟ್ಯಾಶ್ ಯಾವುದಕ್ಕೆ ಅಂತ ಎರಡೇ ದಿನದಲ್ಲಿ ಮರೆತುಹೋಗುತ್ತದೆ. ಏಡರ್ ಥರದ ಟೂಲ್ ತಾನು ಮಾಡಿದ ಪ್ರತಿ ಬದಲಾವಣೆಯನ್ನೂ ತಾನೇ ಕಮಿಟ್ ಮಾಡುತ್ತದೆ, ಅನ್‌ಡು ಅಂದರೆ ಕೊನೆಯದನ್ನು ವಾಪಸ್ ತೆಗೆಯುತ್ತದೆ. ಕ್ಲಾಡ್ ಕೋಡ್ ಅನ್ನೋ ಇನ್ನೊಂದು ಟೂಲ್ ಸಾಮಾನ್ಯವಾಗಿ ನೀವು ಹೇಳಿದ ಮೇಲೆ ಕಮಿಟ್ ಮಾಡುತ್ತದೆ. ನನಗೆ ಎರಡನೆಯದೇ ಇಷ್ಟ, ಯಾಕೆಂದರೆ ನಾನು ಓದದ ಕೋಡ್ ಕಮಿಟ್ ಆಗುವುದು ನನಗೆ ಸರಿಬರುವುದಿಲ್ಲ.

ಓದುವುದು ಅಂದೆನಲ್ಲ, ದಿನದ ನಿಜವಾದ ಕೆಲಸ ಇರುವುದು ಅಲ್ಲೇ. ದಿನಾಂಕ ಹೋಲಿಸುವ ಒಂದು ಫಂಕ್ಷನ್‌ನಲ್ಲಿ ಬಗ್ ಇದೆ, ಸರಿ ಮಾಡು ಅಂತ ಹೇಳಿದಿರಿ ಅಂತಿಟ್ಟುಕೊಳ್ಳಿ. ಟೂಲ್ ಸರಿ ಮಾಡುತ್ತದೆ. ಜೊತೆಗೆ ಮೇಲಿನ ಇಂಪೋರ್ಟ್ ಸಾಲುಗಳನ್ನು ಜೋಡಿಸಿಡುತ್ತದೆ, ಪಕ್ಕದ ಫಂಕ್ಷನ್‌ಗೆ ಕಾಮೆಂಟ್ ಬರೆಯುತ್ತದೆ, ಪರೀಕ್ಷೆಗೆ ಅಂತ ಒಂದು ಸ್ಕ್ರಿಪ್ಟ್ ಬರೆದು ರೂಟ್ ಫೋಲ್ಡರ್‌ನಲ್ಲಿ ಬಿಟ್ಟಿರುತ್ತದೆ. ಎಲ್ಲ ಒಳ್ಳೆಯದಕ್ಕೇ ಮಾಡಿದ್ದು, ಆದರೆ ಕೇಳಿದ್ದು ಅದಲ್ಲ. ಇಂಥ ಹೊತ್ತಲ್ಲಿ ಅದು "ಗಿಟ್ ಆಡ್ ಎಲ್ಲವೂ" ಅಂತ ಹೊರಟರೆ ಬೇಡ ಅನ್ನಿ. ಗಿಟ್ ಆಡ್‌ಗೆ ಪಿ ಆಯ್ಕೆ ಕೊಟ್ಟು ನೀವೇ ಓಡಿಸಿ. ಬದಲಾವಣೆ ತುಂಡು ತುಂಡಾಗಿ ಮುಂದೆ ಬರುತ್ತದೆ. ಬೇಕಾದದ್ದಕ್ಕೆ ವೈ, ಬೇಡದ್ದಕ್ಕೆ ಎನ್. ಒಂದೇ ತುಂಡಿನಲ್ಲಿ ದಿನಾಂಕದ ಸಾಲೂ ಕಾಮೆಂಟೂ ಸೇರಿಕೊಂಡಿದ್ದರೆ ಎಸ್ ಒತ್ತಿ, ನಡುವೆ ಬದಲಾಗದ ಸಾಲಿದ್ದರೆ ಅದು ಒಡೆಯುತ್ತದೆ. ಕೊನೆಗೆ ಡಿಫ್ ಸ್ಟೇಜ್ಡ್ (ಕಮಿಟ್‌ಗೆ ಆರಿಸಿಟ್ಟ ಬದಲಾವಣೆಗಳನ್ನು ತೋರಿಸುವುದು) ಒಮ್ಮೆ ನೋಡಿ. ನೆನಪಿರಲಿ, ಹೊಸ ಫೈಲ್‌ಗಳು ಪಿ ಕೈಗೆ ಸಿಗುವುದಿಲ್ಲ, ಅವನ್ನು ಸ್ಟೇಟಸ್‌ನಲ್ಲೇ ನೋಡಬೇಕು.

ಕಮಿಟ್ ಮೆಸೇಜ್ ಬರೆಯಲು ಮಾತ್ರ ಟೂಲ್ ಅನ್ನು ಧಾರಾಳವಾಗಿ ಬಳಸಿ. ಒಂದು ಕೊರತೆ ಇದೆ. ಡಿಫ್‌ನಲ್ಲಿ ಕಾಣುವುದನ್ನೇ ಅದು ಮತ್ತೆ ಹೇಳುತ್ತದೆ: "ದಿನಾಂಕ ಹೋಲಿಕೆಯನ್ನು ಯುಟಿಸಿಗೆ ಬದಲಿಸಿದೆ." ಅದು ಡಿಫ್ ನೋಡಿದರೇ ಗೊತ್ತಾಗುತ್ತದೆ. ಯಾಕೆ ಬದಲಿಸಿದ್ದು? ಮಧ್ಯರಾತ್ರಿ ಬಂದ ಆರ್ಡರ್‌ಗಳು ಹಿಂದಿನ ದಿನಕ್ಕೆ ಸೇರುತ್ತಿದ್ದವು ಅನ್ನುವುದು ನಿಮಗೆ ಮಾತ್ರ ಗೊತ್ತು. ಆ ಒಂದು ಸಾಲು ಹೇಳಿಕೊಟ್ಟರೆ ಉಳಿದದ್ದನ್ನು ಅದೇ ಚೆನ್ನಾಗಿ ಬರೆಯುತ್ತದೆ. ಮೊದಲ ಸಾಲು ಸುಮಾರು 50 ಅಕ್ಷರ, ಕೆಳಗಿನವು 72ರೊಳಗೆ ಅನ್ನುವ ರೂಢಿಯನ್ನು ನನಗಿಂತ ಅದೇ ಸರಿಯಾಗಿ ಪಾಲಿಸುತ್ತದೆ.

ಮರ್ಜ್ ಕಾನ್‌ಫ್ಲಿಕ್ಟ್ (ಒಂದೇ ಜಾಗವನ್ನು ಎರಡು ಕಡೆ ಬೇರೆ ಬೇರೆ ಥರ ಬದಲಿಸಿದಾಗಿನ ತಿಕ್ಕಾಟ) ಬಂದಾಗ ನೇರವಾಗಿ "ಸರಿಪಡಿಸು" ಅನ್ನಬೇಡಿ. ಎರಡೂ ಕಡೆಯವರು ಏನು ಮಾಡಲು ಹೊರಟಿದ್ದರು ಅಂತ ಮೊದಲು ಹೇಳಲಿ. ಕಾನ್‌ಫ್ಲಿಕ್ಟ್ ಸ್ಟೈಲ್ ಅನ್ನು ಡಿಫ್3 ಅಂತ ಇಟ್ಟರೆ ಎರಡು ಬದಲಾವಣೆಗಳ ಜೊತೆ ಮೂಲ ಸಾಲುಗಳೂ ಕಾಣುತ್ತವೆ. ನಿಮಗೂ ಅನುಕೂಲ, ಟೂಲ್‌ಗೂ ಅನುಕೂಲ.

ಈಗ ಪುಶ್, ಅಂದರೆ ಕಮಿಟ್‌ಗಳನ್ನು ಸರ್ವರ್‌ಗೆ ಕಳಿಸುವುದು. ಇಲ್ಲಿ ನಾನು ಜಿಪುಣ. ಮಾಮೂಲಿ ಪುಶ್‌ಗೂ ಕೇಳಬೇಕು, ಸರ್ವರ್‌ನಲ್ಲಿರುವುದರ ಮೇಲೆಯೇ ಬರೆಯುವ ಫೋರ್ಸ್ ಪುಶ್ ಅಂತೂ ನಾನೇ ಟೈಪ್ ಮಾಡಬೇಕು. ಬೇರೆಯವರ ಕೆಲಸದ ಮೇಲೆ ಬರೆದುಬಿಟ್ಟರೆ ನಿಮ್ಮ ಮಷೀನ್‌ನ ರೀಫ್ಲಾಗ್‌ನಲ್ಲಿ ಅವರ ಕಮಿಟ್ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಫೋರ್ಸ್ ವಿತ್ ಲೀಸ್ ಬಳಸಿದರೆ ಸೇಫ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದು ನೋಡುವುದು ನೀವು ಕೊನೆಗೆ ಫೆಚ್ ಮಾಡಿದಾಗ (ಹೊಸದನ್ನು ತರಿಸಿಕೊಂಡಾಗ) ರಿಮೋಟ್, ಅಂದರೆ ಸರ್ವರ್‌ನಲ್ಲಿರುವ ಪ್ರತಿ, ಹೇಗಿತ್ತು ಅನ್ನುವುದನ್ನು. ಎಐ ಟೂಲ್ ನಡುವೆ ಎಲ್ಲೋ ತಾನಾಗಿ ಫೆಚ್ ಮಾಡಿದ್ದರೆ, ನೀವು ನೋಡದೇ ಇದ್ದ ಕಮಿಟ್ ಕೂಡ ನೋಡಿದ ಲೆಕ್ಕಕ್ಕೆ ಬರುತ್ತದೆ, ಪುಶ್ ಸಲೀಸಾಗಿ ಹೋಗಿಬಿಡುತ್ತದೆ. ಇದಕ್ಕೇ ಫೋರ್ಸ್ ಇಫ್ ಇನ್‌ಕ್ಲೂಡ್ಸ್ ಅನ್ನೋ ಇನ್ನೊಂದು ಆಯ್ಕೆ ಗಿಟ್ 2.30ರಲ್ಲಿ ಬಂತು. ಎರಡನ್ನೂ ಸೇರಿಸಿ ಕೊಡಿ. ಮೇನ್ ಬ್ರ್ಯಾಂಚ್‌ಗೆ ಸರ್ವರ್ ಕಡೆಯಿಂದಲೇ ಬೀಗ ಹಾಕಿಸಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಕಣ್ಣಿಟ್ಟಿರಬೇಕಾದ ಜಾಗ ಹುಕ್, ಅಂದರೆ ಕಮಿಟ್‌ನಂಥ ಹೊತ್ತಲ್ಲಿ ತಾನಾಗಿ ಓಡುವ ಸ್ಕ್ರಿಪ್ಟ್. ಕಮಿಟ್ ಮಾಡುವಾಗ ಟೆಸ್ಟ್ ಫೇಲ್ ಆಗಿ ಹುಕ್ ತಡೆದರೆ, ಟೂಲ್ ಕೆಲವೊಮ್ಮೆ ಹುಕ್ ಓಡದಂತೆ ಮಾಡುವ ನೋ ವೆರಿಫೈ ಆಯ್ಕೆ ಹಾಕಿ ದಾಟಲು ನೋಡುತ್ತದೆ. ಅದಕ್ಕೆ ಕೆಲಸ ಮುಗಿಸುವ ಆತುರ.

ಇದನ್ನೆಲ್ಲ ಪ್ರತಿ ಸಲ ನೆನಪಿಟ್ಟುಕೊಳ್ಳುವುದು ಕಷ್ಟ, ಅದಕ್ಕೇ ಸೆಟ್ಟಿಂಗ್‌ನಲ್ಲಿ ಬರೆದಿಡಿ. ಸ್ಟೇಟಸ್, ಡಿಫ್, ಲಾಗ್, ಬ್ಲೇಮ್ ಇವಕ್ಕೆ ಕೇಳುವುದೇ ಬೇಡ. ಕಮಿಟ್, ಪುಶ್, ರೀಬೇಸ್‌ಗೆ ಕೇಳಲಿ. ಕ್ಲೀನ್, ಹಾರ್ಡ್ ರೀಸೆಟ್, ಫೋರ್ಸ್ ಪುಶ್, ನೋ ವೆರಿಫೈ ಇವನ್ನು ಪೂರ್ತಿ ನಿಷೇಧಿಸಿ. ಪ್ರಾಜೆಕ್ಟ್‌ನ ಸೂಚನೆ ಫೈಲ್‌ನಲ್ಲಿ ಬರೆದರೆ ಅದು ಬರೀ ವಿನಂತಿ, ಟೂಲ್ ಮರೆಯಬಹುದು. ಪರ್ಮಿಷನ್ ಪಟ್ಟಿಯಲ್ಲಿ ಹಾಕಿದರೆ ಟೂಲ್‌ನ ಪ್ರೋಗ್ರಾಮ್ಮೇ ತಡೆಯುತ್ತದೆ. ಆದರೆ ಅಲ್ಲಿ ಹೋಲಿಸುವುದು ಕಮಾಂಡ್‌ನ ಅಕ್ಷರಗಳನ್ನು. ಅದೇ ಕೆಲಸವನ್ನು ಟೂಲ್ ಒಂದು ಶೆಲ್ ಸ್ಕ್ರಿಪ್ಟ್ ಒಳಗೆ ಬರೆದು ಓಡಿಸಿದರೆ ಪಟ್ಟಿಗೆ ಗೊತ್ತಾಗದೇ ಹೋಗಬಹುದು. ಹಾಗಾಗಿ ಸ್ಕ್ರಿಪ್ಟ್ ಓಡಿಸಲು ಅನುಮತಿ ಕೇಳಿದಾಗ ಒಳಗೇನಿದೆ ಅಂತ ತೆರೆದು ನೋಡಿ, ಆಮೇಲೆ ಎಂಟರ್ ಒತ್ತಿ.