ಕ್ಯುವೆಟ್‌ನಲ್ಲಿ ಕಡುನೀಲಿ, ಪಿಡಿಎಂಎಸ್ ಚಿಪ್‌ನಲ್ಲಿ ಬಣ್ಣವೇ ಇಲ್ಲ: ಡಿಟೆಕ್ಟರ್ ಬದಲಿಸಬೇಕೇ?

ಗ್ಲೂಕೋಸ್ ಅಳೆಯಲು ಪಿಡಿಎಂಎಸ್ (ಪಾರದರ್ಶಕ ಸಿಲಿಕೋನ್ ರಬ್ಬರ್) ಚಿಪ್‌ನ 100 ಮೈಕ್ರೊಮೀಟರ್ ಆಳದ ಚಾನೆಲ್‌ನಲ್ಲಿ ಗ್ಲೂಕೋಸ್ ಆಕ್ಸಿಡೇಸ್, ಪೆರಾಕ್ಸಿಡೇಸ್ ಎಂಬ ಕಿಣ್ವಗಳನ್ನೂ, ಅವುಗಳಿಂದ ನೀಲಿಯಾಗುವ ಟಿಎಂಬಿಯನ್ನೂ ಹರಿಸಿ, ಮೇಲೆ ಕೆಂಪು ಎಲ್‌ಇಡಿ, ಕೆಳಗೆ ಫೋಟೊಡಯೋಡ್ ಇಟ್ಟಿದ್ದೀರಿ. ಬದಲಾವಣೆ ಗೊತ್ತೇ ಆಗುತ್ತಿಲ್ಲ, ರೀಡಿಂಗ್ ಒಂದು ಕಡೆ ನಿಲ್ಲುತ್ತಿಲ್ಲ ಅನ್ನುತ್ತೀರಿ. ಡಿಟೆಕ್ಟರ್‌ಗೆ ದುಡ್ಡು ಸುರಿಯಬೇಡಿ, ಮೊದಲು ಒಂದು ಲೆಕ್ಕ ನೋಡಿ.

ನೀಲಿ ಟಿಎಂಬಿಯ ಮೋಲಾರ್ ಅಬ್ಸಾರ್ಪ್ಟಿವಿಟಿ (ಅದು ಬೆಳಕನ್ನು ಎಷ್ಟು ಹೀರುತ್ತದೆ ಎಂಬ ಅಳತೆ) 652 ನ್ಯಾನೊಮೀಟರ್‌ನಲ್ಲಿ, ಒಂದು ಮೋಲಾರ್‌ಗೆ, ಸೆಂಟಿಮೀಟರಿಗೆ, ಸುಮಾರು 39,000. ಬಣ್ಣ 100 ಮೈಕ್ರೊಮೋಲಾರ್ ಇದ್ದರೆ 1 ಸೆಂ.ಮೀ. ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ) ಅಬ್ಸಾರ್ಬೆನ್ಸ್, ಅಂದರೆ ಬೆಳಕು ಎಷ್ಟು ಕುಗ್ಗಿತೆಂಬ ಲಾಗ್ ಅಳತೆ, 3.9. ನಿಮ್ಮ ಚಾನೆಲ್‌ನಲ್ಲಿ 0.039, ಅಂದರೆ ಬೆಳಕು ಶೇ 9ರಷ್ಟೂ ಕುಗ್ಗುವುದಿಲ್ಲ. ಎಲ್‌ಇಡಿ ಬಿಸಿಯೇರಿ ಶೇ 1ರಷ್ಟು ಮಂಕಾದರೂ ಉತ್ತರ ಶೇ 11ರಷ್ಟು ತಪ್ಪುತ್ತದೆ. ರೀಡಿಂಗ್ ನಿಲ್ಲದಿರುವುದಕ್ಕೆ ಇಷ್ಟೇ ಸಾಕು.

ಹಾಗಾಗಿ ಬೆಳಕನ್ನು ಚಾನೆಲ್‌ನ ಆಳಕ್ಕಲ್ಲ, ಉದ್ದಕ್ಕೆ ಹಾಯಿಸಿ: ಒಂದು ತುದಿಯಲ್ಲಿ ಆಪ್ಟಿಕಲ್ ಫೈಬರ್‌ನಿಂದ ಬೆಳಕು ಬಿಟ್ಟು, ಆಚೆ ತುದಿಯಲ್ಲಿ ಇನ್ನೊಂದು ಫೈಬರ್‌ನಿಂದ ಡಯೋಡ್‌ಗೆ ಒಯ್ಯಿರಿ. ಚಾನೆಲ್‌ಗೆ ಝಡ್ ಆಕಾರ ಕೊಟ್ಟು, ನಡುವಿನ ನೇರ ತುಂಡನ್ನು 3 ಮಿ.ಮೀ. ಇಡಿ, ಅದೇ ಬಣ್ಣಕ್ಕೆ 1.17 ಸಿಗುತ್ತದೆ. 10 ಮಿ.ಮೀ. ಮಾಡುವ ಆಸೆ ಬೇಡ. ಪಿಡಿಎಂಎಸ್‌ನ ವಕ್ರೀಭವನ ಸೂಚ್ಯಂಕ 1.41, ನೀರಿನದು 1.33, ಹೀಗಾಗಿ ನೀರು ತುಂಬಿದ ಚಾನೆಲ್ ಬೆಳಕನ್ನು ಹಿಡಿದಿಡುವುದಿಲ್ಲ, ಗೋಡೆಗೆ ಬಿಟ್ಟುಕೊಡುತ್ತದೆ. 0.22 ಎನ್‌ಎ (ಬೆಳಕು ಹರಡುವ ಕೋನದ ಅಳತೆ) ಫೈಬರ್‌ನಿಂದ ಹೊರಟ ಬೆಳಕು ನೀರಿನಲ್ಲಿ ಅಕ್ಷದಿಂದ ಸುಮಾರು 9.5 ಡಿಗ್ರಿ ಹರಡುತ್ತದೆ. ಪಥ ಉದ್ದವಾದಷ್ಟೂ ಆಚೆಯ ಫೈಬರ್‌ಗೆ ಸಿಗುವುದು ಚೂರುಪಾರು.

ಫೈಬರ್‌ನ ಹೊರವ್ಯಾಸ 125 ಮೈಕ್ರೊಮೀಟರ್. ಅಚ್ಚಿನ ಎತ್ತರ 135, ಫೈಬರ್ ಕೂರುವ ತೋಡಿನ ಅಗಲ 145 ಇದ್ದರೆ ಸಲೀಸಾಗಿ ಜಾರುತ್ತದೆ. ತೋಡಿಗೂ ಚಾನೆಲ್‌ಗೂ ನಡುವೆ 80 ಮೈಕ್ರೊಮೀಟರ್ ಗೋಡೆ ಬಿಡಿ, ಇಲ್ಲದಿದ್ದರೆ ಸೋರುತ್ತದೆ. ಸಿಲ್ಗಾರ್ಡ್ 184 ಎಂಬ ಪಿಡಿಎಂಎಸ್‌ನ ಮೂಲ ದ್ರವವನ್ನೂ ಗಟ್ಟಿಯಾಗಿಸುವ ದ್ರವವನ್ನೂ ತೂಕದಲ್ಲಿ 10:1 ಕಲಸಿ, ಅರ್ಧ ಗಂಟೆ ವ್ಯಾಕ್ಯೂಮ್‌ನಲ್ಲಿಟ್ಟು, 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಗಟ್ಟಿಯಾಗಿಸಿ. ಅಂಟುವಂತೆ ಮೇಲ್ಮೈಗೆ ಪ್ಲಾಸ್ಮಾ (ಅಯಾನೀಕೃತ ಅನಿಲ) ತಾಕಿಸಿದ ಕೂಡಲೇ ಗಾಜಿಗೆ ಅಂಟಿಸಬೇಕು. ಫೈಬರ್ ಒಳಗಿಡುವ ಮುನ್ನ ಮೇಲಿನ ಕೋಟಿಂಗ್ ಸುಲಿದು, ತುದಿ ನೇರವಾಗಿ ಕತ್ತರಿಸಿ, ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೊಹಾಲ್) ಒರೆಸಿ. ಕೂರಿಸಿದ ಮೇಲೆ ತೋಡಿನ ಬಾಯಿಗೆ ಗಟ್ಟಿಯಾಗದ ಪಿಡಿಎಂಎಸ್ ಒಂದು ಹನಿ ಬಿಟ್ಟರೆ ಅದು ತಾನಾಗಿ ಒಳಗೆ ಹೀರಿಕೊಂಡು ಫೈಬರ್ ತುದಿಯ ಗಾಳಿಯನ್ನು ತೆಗೆಯುತ್ತದೆ. ಈ ಹನಿಯನ್ನು ಮರೆಯುವವರೇ ಹೆಚ್ಚು. ಗಾಳಿ ಉಳಿದರೆ ಒರಟು ಗೋಡೆಗೆ ಬಡಿದು ಬೆಳಕು ಚದುರುತ್ತದೆ.

ರೀಡಿಂಗ್ ಒಮ್ಮೆಲೇ ಜಿಗಿದರೆ ಅದು ಬಣ್ಣವಲ್ಲ, ಗುಳ್ಳೆ. ಫ್ರಿಜ್‌ನಿಂದ ತೆಗೆದ ಬಫರ್ ಬೆಚ್ಚಗಾಗುತ್ತಾ ಕರಗಿದ ಗಾಳಿಯನ್ನು ಬಿಡುತ್ತದೆ. ಬಫರನ್ನು ಕೋಣೆಯ ತಾಪಕ್ಕೆ ತಂದು 20 ನಿಮಿಷ ವ್ಯಾಕ್ಯೂಮ್‌ನಲ್ಲಿಡಿ, ಶೇ 0.05 ಟ್ವೀನ್ 20 (ಸೋಪಿನಂಥ ದ್ರವ) ಸೇರಿಸಿ. ನಿಯತವಾಗಿ ಏರಿಳಿಯುತ್ತಿದ್ದರೆ ಸಿರಿಂಜ್ ಪಂಪ್ ನೋಡಿ: ನಿಮಿಷಕ್ಕೆ 1 ಮೈಕ್ರೊಲೀಟರ್ ಹರಿಸಲು 5 ಮಿ.ಲೀ. ಸಿರಿಂಜ್ ಹಾಕಿದರೆ ಮೋಟರ್‌ನ ಒಂದೊಂದು ಹೆಜ್ಜೆಯೂ ಗ್ರಾಫ್‌ನಲ್ಲಿ ಕಾಣುತ್ತದೆ. 250 ಮೈಕ್ರೊಲೀಟರ್‌ನದು ಸಾಕು. ಎಲ್‌ಇಡಿಗೆ 20 ನಿಮಿಷ ಬಿಸಿಯೇರಲು ಬಿಡಿ. ಅದರ ಪಕ್ಕ ಇನ್ನೊಂದು ಫೋಟೊಡಯೋಡ್ ಇಟ್ಟು ಅನುಪಾತ ತೆಗೆದರೆ ಇನ್ನೂ ಒಳ್ಳೆಯದು.

ಕಿಣ್ವ ಹಾಕುವ ಮೊದಲು ಬ್ರಿಲಿಯಂಟ್ ಬ್ಲೂ ಫುಡ್ ಕಲರ್‌ನ ಆರೇಳು ಸಾಂದ್ರತೆ ಹರಿಸಿ ನೋಡಿ. ಅದು ಪಿಡಿಎಂಎಸ್‌ಗೆ ಇಳಿಯುವುದಿಲ್ಲ. ರೋಡಮಿನ್ ಬಿ ಎಂಬ ಬಣ್ಣ ಇಳಿದು ಚಿಪ್ಪನ್ನೇ ಕೆಡಿಸುತ್ತದೆ. ಸಾಂದ್ರತೆಗೆ ಎದುರಾಗಿ ಎಳೆದ ಅಬ್ಸಾರ್ಬೆನ್ಸ್ ಗೆರೆ 1.3ರ ಹತ್ತಿರ ಬಾಗಿ ಮಲಗಿದರೆ ಶೇ 5ರಷ್ಟು ಬೆಳಕು ದ್ರಾವಣವನ್ನು ಮುಟ್ಟದೆ ಡಯೋಡ್ ಸೇರುತ್ತಿದೆ ಎಂದರ್ಥ. ಆಗ ಚಿಪ್‌ನ ಸುತ್ತ ಕಪ್ಪು ಟೇಪ್ ಸುತ್ತಿ, ಮತ್ತೆ ಅದೇ ಸರಣಿ ಹರಿಸಿ.